ಮಗುಚಿಟ್ಟ ಕಾರ್ಡು

ಸೋಮವಾರ ಬೆಳಿಗ್ಗೆ 9.15ಕ್ಕೆ ಠಾಣೆಗೆ ಇಬ್ಬರು ಬಂದರು. ದೂರು ಕಿರಿಯವನದು, ಮಾತು ಹಿರಿಯವನದು. ಹಿರಿಯವನು ಮೂವತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿದ್ದವನು. ಕಿರಿಯವನು ಅವನ ಹೆಂಡತಿಯ ತಮ್ಮ, ಅಲ್ಲೇ ಕೆಲಸ ಕಲಿತವನು.

ಭಾವ, ಭಾಮೈದ ಇಬ್ಬರೂ ಬಾಡಿಗೆ ಕಾರಿನಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಮೂರು ದಿನ ಪ್ರಾಣಿಗಳ ಫೋಟೋ ತೆಗೆದು ಶನಿವಾರ ಸಂಜೆ ಮರಳಿದ್ದರು. ಶುಕ್ರವಾರ ಮುಂಜಾನೆ ಭಾಮೈದನ ಕ್ಯಾಮೆರಾಕ್ಕೆ ಒಂದು ಚಿರತೆ ಸಿಕ್ಕಿತ್ತು. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ತೊರೆ ದಾಟುತ್ತಿದ್ದ ತಾಯಿ. ಆ ಮೆಮೊರಿ ಕಾರ್ಡೇ ಈಗ ಕಾಣೆ.

“ಇವತ್ತು ಸಂಜೆ ಐದಕ್ಕೆ ಸ್ಪರ್ಧೆ ಮುಗಿಯುತ್ತೆ ಸಾರ್. ಗೆದ್ರೆ ಒಂದು ವರ್ಷ ಕಾಡಲ್ಲೇ ಕೆಲಸ,” ಎಂದ ಕಿರಿಯವನು.

“ಅದೃಷ್ಟ ಸಾರ್,” ಎಂದ ಭಾವ. “ಚಿರತೆ ಇವನ ಕಡೆ ಬಂತು, ಬೆರಳು ಒತ್ತಿದ. ನಾನು ಆ ಕಡೆ ಕೂತಿದ್ರೆ ನನಗೇ ಸಿಗ್ತಿತ್ತು. ಇರ್ಲಿ, ನಮ್ಮ ಹುಡುಗನೇ ತಾನೆ. ಆ ಡ್ರೈವರನ್ನ ಸ್ವಲ್ಪ ವಿಚಾರಿಸಿ.”

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಕಾರ್ಡುಗಳ ಡಬ್ಬಿ ತೆರೆಸಿದರು.

“ಒಟ್ಟು ಎಷ್ಟಿದ್ವು?”

“ಎಂಟು.”

“ಈಗ?”

“ಎಂಟೇ ಸಾರ್. ಆದ್ರೆ ಇದು ನಂದಲ್ಲ. ನನ್ನವಕ್ಕೆ ನಂಬರ್ ಬರ್ದಿರ್ತೀನಿ. ಮೂರನೇದು ಇಲ್ಲ, ಅದರ ಜಾಗದಲ್ಲಿ ಈ ಖಾಲಿ ಕಾರ್ಡು.”

ಪಕ್ಕದಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಬಗ್ಗಿ ನೋಡಿದರು. “ಮೂರು ಕಾರ್ಡು ಬೋರಲು ಮಲಗಿವೆ, ಉಳಿದವು ನೆಟ್ಟಗಿವೆ. ಯಾಕಪ್ಪಾ?”

“ತುಂಬಿದ್ದನ್ನ ಮಗುಚಿ ಇಡ್ತೀವಿ ಮೇಡಂ, ಮರೆತು ಅದರ ಮೇಲೇ ಮತ್ತೆ ತೆಗೀಬಾರ್ದು ಅಂತ.”

“ಈ ಖಾಲಿ ಕಾರ್ಡೂ ಮಗುಚಿತ್ತಾ?”

“ಹೂಂ. ನಂಬರ್ ಬರೆಯೋ ಕಡೆ ಕೆಳಗಿತ್ತು, ಅದಕ್ಕೇ ಇವತ್ತಿನ ತನಕ ಗೊತ್ತಾಗ್ಲಿಲ್ಲ.”

“ಈ ಪಾಠ ಹೇಳ್ಕೊಟ್ಟಿದ್ದು ಯಾರು?”

“ಭಾವನೇ.”

ಅಷ್ಟು ಹೊತ್ತು ಬಾಯಿ ಮುಚ್ಚದ ಭಾವ ಈಗ ಗಡಿಯಾರ ನೋಡುತ್ತಿದ್ದ.

10.40ಕ್ಕೆ ಡ್ರೈವರ್ ಬಂದ. ಎಲ್ಲರೂ ಅವನನ್ನು ಹಾರ್ನಣ್ಣ ಎನ್ನುತ್ತಿದ್ದರು. ಕಾಡಿನಲ್ಲಿ ಮೂರು ದಿನ ಹಾರ್ನ್ ಹೊಡೆಯದೆ ಕೈ ಜೋಮು ಹಿಡಿದಿದೆ ಎಂದು ತಾನೇ ನಗಾಡಿದ. ಕಾರ್ಡಿನ ಮಾತೆತ್ತಿದಾಗ ನಗು ನಿಂತಿತು.

“ಆ ಡಬ್ಬೀನ ಬಿಸ್ಕತ್ತಿಂದು ಅನ್ಕೊಂಡಿದ್ದೆ ಸಾರ್, ದೇವರಾಣೆ.”

“ವಾಪಸು ಬರೋವಾಗ ಕಾರಲ್ಲಿ ಒಬ್ಬರೇ ಉಳ್ಕೊಂಡಿದ್ದು ಯಾರು?”

“ಟೀಗೆ ನಿಲ್ಲಿಸಿದಾಗ ದೊಡ್ಡೋರು ಇಳೀಲಿಲ್ಲ, ಕಾಲು ನೋವು ಅಂದ್ರು. ಅವರು ಟೀ ಬೇಡ ಅಂದಿದ್ದು ನಾನು ನೋಡಿದ್ದೇ ಮೊದಲ್ನೇ ಸಲ.”

ಮಧ್ಯಾಹ್ನ 12.20. ಇಬ್ಬರು ಪಂಚರ ಎದುರು ಸ್ಟುಡಿಯೋ ಶೋಧನೆ ಶುರುವಾಯಿತು. ಗೋಡೆಯ ತುಂಬ ಮದುಮಕ್ಕಳು, ಪಾಸ್‌ಪೋರ್ಟ್ ಫೋಟೋಗಳು. ಒಳಗಿನ ಗೋಡೆಯಲ್ಲಿ ಜಿಂಕೆ, ನವಿಲು. ಎಲ್ಲವೂ ಭಾವ ತೆಗೆದವು, ಎಲ್ಲದಕ್ಕೂ ಧೂಳು. ಕಪಾಟು, ಮೇಜಿನ ಖಾನೆ ಎಲ್ಲೂ ಕಾರ್ಡಿಲ್ಲ. ಹೆಡ್ ಕಾನ್‌ಸ್ಟೆಬಲ್ ಭಾವನದೇ ಕ್ಯಾಮೆರಾದಲ್ಲಿ ಕಾರ್ಡು ಹಾಕುವ ಬಾಗಿಲು ತೆಗೆದರು. ಒಳಗಿದ್ದ ಕಾರ್ಡಿನ ಮೇಲೆ ಮೂರು ಎಂದು ಬರೆದಿತ್ತು. ಗುಂಡಿ ಒತ್ತಿದಾಗ ಪರದೆಯ ಮೇಲೆ ತೊರೆ ಮೂಡಿತು, ಚಿರತೆ ಮೂಡಿತು.

ಮಹಡಿಯಿಂದ ಕಿರಿಯವನ ಅಕ್ಕ ಇಳಿದು ಬಂದು ಬಾಗಿಲಲ್ಲೇ ನಿಂತಳು.

“ರೀ, ಅವನಿಗೆ ಕೈಹಿಡಿದು ಕಲಿಸಿದ್ದು ನೀವೇ ಅಲ್ವಾ?”

“ಅದಕ್ಕೇ ಕಣೇ,” ಎಂದ ಅವನು.

“ಅಳಿಸಿ ಹಾಕಬಹುದಿತ್ತಲ್ಲ?” ಇನ್‌ಸ್ಪೆಕ್ಟರ್ ಕೇಳಿದರು.

“ಅಳಿಸೋಣ ಅಂತಲೇ ಕ್ಯಾಮೆರಾಕ್ಕೆ ಹಾಕಿದ್ದು ಸಾರ್. ನೋಡ್ತಾ ಕೂತೆ. ನಿನ್ನೆ ಇಡೀ ದಿನ ನೋಡ್ದೆ.” ಆಮೇಲೆ ಹೆಂಡತಿಯ ಮುಖ ನೋಡದೆ ಹೇಳಿದ: “ಇಪ್ಪತ್ತೆರಡು ವರ್ಷದಿಂದ ಕಾಡಿಗೆ ಹೋಗ್ತಿದೀನಿ. ಶುಕ್ರವಾರ ಇವಳು ಫೋನಲ್ಲಿ ತಮ್ಮನ ಹತ್ರ ಅರ್ಧ ಗಂಟೆ ಚಿರತೆ ಕತೆ ಕೇಳಿದ್ಲು. ಅವನು ಫೋನ್ ನನಗೆ ಕೊಟ್ಟಾಗ ಊಟ ಆಯ್ತಾ ಅಂದ್ಲು, ಇಟ್ಬಿಟ್ಲು.”

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಜಪ್ತಿ ಪಂಚನಾಮೆ 1.30ಕ್ಕೆ ಮುಗಿಯಿತು. ಸೀಲ್ ಆದ ಕಾರ್ಡು ನ್ಯಾಯಾಲಯದ ವಶಕ್ಕೆ ಹೋಗಬೇಕು, ಸ್ಪರ್ಧೆ ಐದಕ್ಕೆ. ಇನ್‌ಸ್ಪೆಕ್ಟರ್ ತಾವೇ ಅರ್ಜಿ ಹಿಡಿದು ಓಡಿ, ದೂರುದಾರನಿಗೆ ಆ ಒಂದು ಫೋಟೋದ ಪ್ರತಿ ಕೊಡಲು ಅನುಮತಿ ತಂದಾಗ 4.10. ಠಾಣೆಯ ಕಂಪ್ಯೂಟರಿನ ಮುಂದೆ ಕಿರಿಯವನು ಕೂತ. ಪಕ್ಕದ ಕೋಣೆಯಲ್ಲಿ ಭಾವ ಬಂಧನ ಪತ್ರಕ್ಕೆ ಸಹಿ ಹಾಕಿದ. ಡೈರಿಯಲ್ಲಿ ಕಾರಣದ ಮುಂದೆ ಇನ್‌ಸ್ಪೆಕ್ಟರ್ ಬರೆದದ್ದು ಒಂದೇ ಪದ, ಅಸೂಯೆ.

ಪೆನ್ನು ವಾಪಸು ಕೊಡುತ್ತ ಭಾವ ಹೆಡ್ ಕಾನ್‌ಸ್ಟೆಬಲರನ್ನು ತಡೆದ.

“ಮೇಡಂ, ಅವನಿಗೆ ಹೇಳಿ, ಫೋಟೋ ಕತ್ತರಿಸೋದು ಬೇಡ ಅಂತ. ಚಿರತೆ ಮುಂದೆ ಅಷ್ಟು ನೀರು ಖಾಲಿ ಬಿಟ್ಟಿದಾನಲ್ಲ, ಇನ್ನೂ ಎಷ್ಟು ದೂರ ದಾಟಬೇಕು ಅಂತ ಅದರಲ್ಲೇ ಕಾಣೋದು. ನಾನಾಗಿದ್ರೆ ಅಷ್ಟು ಜಾಗ ಬಿಡ್ತಿರಲಿಲ್ಲ.”

ಆಕೆ ಹೋಗಿ ಹೇಳಿದರು. ಅಂಚು ಕತ್ತರಿಸಲು ಗೆರೆ ಎಳೆದಿದ್ದ ಕಿರಿಯವನು ಗೆರೆ ಅಳಿಸಿದ. 4.38ಕ್ಕೆ ಫೋಟೋ ಇಡಿಯಾಗಿ ಸ್ಪರ್ಧೆಗೆ ಹೋಯಿತು.