ಬಾಣಂತನಕ್ಕೆ ವೀಸಾ ಇರಲಿಲ್ಲ

1981ರ ಫೆಬ್ರವರಿ ಹನ್ನೆರಡು, ಬೆಳಗ್ಗೆ. ಪಾತ್ರೆಗೆ ಕಲಾಯಿ ಹಾಕುವ ಬಾಷುಸಾಬ್ ಚನ್ನಗಿರಿ ಠಾಣೆಗೆ ಬಂದು, ಕರಾಚಿಯಿಂದ ಬಂದು ತನ್ನ ಮನೆಯಲ್ಲಿದ್ದ ತಂಗಿ ಜುಲೇಖಾಬಿ ನಿನ್ನೆಯಿಂದ ಕಾಣೆಯಾಗಿದ್ದಾಳೆಂದು ದೂರು ಕೊಟ್ಟ.

ಇನ್ಸ್‌ಪೆಕ್ಟರ್ ವಿರೂಪಾಕ್ಷಪ್ಪ ಕಡತ ತರಿಸಿದರು. ಪಾಕಿಸ್ತಾನದವರಿಗೆ ಮತ್ತೆ ವೀಸಾ ಕೊಡಲು ಶುರುವಾಗಿ ಕೆಲವೇ ವರ್ಷವಾಗಿತ್ತು; ಅದೂ ಊರಿನ ಹೆಸರು ಬರೆದು. ಆಕೆಗೆ ಬರೆದಿದ್ದುದು ಚನ್ನಗಿರಿ ಒಂದೇ. ಹೇಳದೆ ಊರು ದಾಟಿದರೆ ವಿದೇಶಿಯರ ಕಾಯ್ದೆಯಡಿ ಬಂಧನ. ಮತ್ತೆಂದೂ ವೀಸಾ ಸಿಗದೆಯೂ ಹೋಗಬಹುದು. ಎಫ್‌ಐಆರ್ ಆಯಿತು.

ವಿಚಾರಣೆಯಲ್ಲಿ ಬಾಷುಸಾಬನ ಮಾತಿಗೂ ಕಲಾಯಿ ಬಳಿದಿತ್ತು. ಕೆರೆಬಿಳಚಿಯ ನೆಂಟರ ಮನೆಗೆ ಹೋಗಿರಬೇಕು ಎಂದ. ಪೇದೆ ಜಯಪ್ಪ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಮರಳಿದ. ಆದರೆ ದಾರಿಯಲ್ಲಿ ದಿನಸಿ ಅಂಗಡಿಯ ನಿರ್ಮಲಮ್ಮನನ್ನು ವಿಚಾರಿಸಿದ್ದ. ಯಾರ ದನಿಯನ್ನಾದರೂ ಅಣಕಿಸಬಲ್ಲ ಆಸಾಮಿ, ವರದಿಯನ್ನೂ ಆಕೆಯ ದನಿಯಲ್ಲೇ ಒಪ್ಪಿಸಿದ: “ಬಾಷುಸಾಬನ ತಂಗಿ ಅಂಟು, ಒಣಶುಂಠಿ, ಕೊಬ್ಬರಿ, ಓಮ ಒಯ್ದಳು. ‘ಯಾರಿಗೆ ಬೂಬಮ್ಮ?’ ಅಂದ್ರೆ ಸುಮ್ನೆ ನಕ್ಕಳು ನೋಡ್ರಿ.”

ವಿರೂಪಾಕ್ಷಪ್ಪ ಬಾಷುಸಾಬನತ್ತ ತಿರುಗಿದರು.

“ನಿಮ್ಮ ಮನ್ಯಾಗೆ ಬಾಣಂತಿ ಯಾರು?”

“ಯಾರೂ ಇಲ್ಲ ಸ್ವಾಮಿ.”

“ಬ್ಯಾರೆ ಊರಾಗೆ?”

ಬಾಷುಸಾಬ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ನ್ಯಾಮತಿಯಾಗೆ ಶಂಶಾದ್ ಅದಾಳೆ. ಸಾಕಿದ್ದು ನಾನು. ಹೆತ್ತಾಕಿ ಜುಲೇಖಾ.”

ಮಿಕ್ಕದ್ದು ತಾನಾಗಿ ಬಂತು. ಶಂಶಾದಳಿಗೆ ಚೊಚ್ಚಲು, ತವರಿಗೆ ಕರೆತರುವ ಮೊದಲೇ, ತಿಂಗಳು ತುಂಬದೆ ಹೆರಿಗೆಯಾಗಿತ್ತು. ಅತ್ತೆಯಿಲ್ಲದ ಮನೆ. ನ್ಯಾಮತಿಗೆ ಹೋಗಲು ಜುಲೇಖಾಬಿ ಕೊಟ್ಟಿದ್ದ ಅರ್ಜಿ ಮೇಲಿನ ಕಚೇರಿಯಲ್ಲಿ ಮಲಗಿತ್ತು. ತಾನೇ ಮೊದಲು ದೂರು ಕೊಟ್ಟರೆ ತಂಗಿ ಬರೀ ‘ಕಾಣೆಯಾದವಳು’ ಆಗುತ್ತಾಳೆ, ತಪ್ಪಿತಸ್ಥೆ ಆಗುವುದಿಲ್ಲ ಎಂದು ನಂಬಿದ್ದ ಅಣ್ಣ.

ಮಧ್ಯಾಹ್ನ ಜೀಪು ನ್ಯಾಮತಿ ಮುಟ್ಟಿದಾಗ ಶಂಶಾದಳ ಮನೆಯ ಬಚ್ಚಲಿನಿಂದ ಹೊಗೆ ಏಳುತ್ತಿತ್ತು. ಪಕ್ಕದ ಮನೆಯ ದ್ಯಾಮಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಬಾಣಂತಿಗೆ ನೀರು ಹುಯ್ತಾ ಅದಾರೆ. ನಡುವೆ ಬಿಟ್ರೆ ಹಸಿ ಮೈಗೆ ಥಂಡಿ ಹಿಡಿತೈತೆ. ಕುಂತ್ಕಳ್ರಿ.”

ವಿರೂಪಾಕ್ಷಪ್ಪ ಟೋಪಿ ತೊಡೆಯ ಮೇಲಿಟ್ಟು ಜಗಲಿಯಲ್ಲಿ ಕೂತರು. ಜಯಪ್ಪ ಮೆಲ್ಲಗೆ ಡಿವೈಎಸ್ಪಿಯ ದನಿ ತೆಗೆದ: “ಏನ್ರೀ, ಆರೋಪಿ ಎಲ್ಲಿ?” ಮರುಗಳಿಗೆ ತನ್ನ ಇನ್ಸ್‌ಪೆಕ್ಟರರದೇ ದನಿ: “ನೀರು ಕಾದೈತೆ ಸಾರ್, ನಾವೂ ಕಾಯ್ತಾ ಇದೀವಿ.” ವಿರೂಪಾಕ್ಷಪ್ಪ ನಗು ತಡೆಯಲು ಮೀಸೆ ತೀಡಿದರು.

ಜುಲೇಖಾಬಿ ಒದ್ದೆ ಸೆರಗಿನಲ್ಲೇ ಹೊರಬಂದಳು. ಓಡಲಿಲ್ಲ. ಮಗುವಿಗೆ ಸಾಂಬ್ರಾಣಿ ಹೊಗೆ ಕೊಟ್ಟು ಬರುತ್ತೇನೆಂದಳು, ಕೊಟ್ಟು ಬಂದಳು. ಜಗಲಿಯ ಮೇಲೆ ಪಂಚನಾಮೆಯಾಗಿ ಪಾಸ್‌ಪೋರ್ಟ್ ಜಪ್ತಾಯಿತು. ಬಂಧಿಸಿದ ಕಾರಣವನ್ನು ವಿರೂಪಾಕ್ಷಪ್ಪ ಓದಿ ಹೇಳಿದರು.

“ನಾಳೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತೀವಿ. ಜಾಮೀನು ಕೇಳಾಕೆ ನಿಮಗೆ ಹಕ್ಕೈತೆ.”

“ಪಾಕಿಸ್ತಾನದೋರಿಗೂನಾ?”

“ಹಿಡಿದು ತಂದ ಯಾರಿಗಾದ್ರೂ.”

ದ್ಯಾಮಮ್ಮ ತಾನು ಜಾಮೀನು ನಿಲ್ಲುವೆನೆಂದಳು. ತನ್ನ ಹೆಸರಿಗೆ ಗದ್ದೆಯಿದೆ. ಪಹಣಿ ತರಲು ಮರೆಯಬೇಡಿ ಎಂದರು ವಿರೂಪಾಕ್ಷಪ್ಪ. ಹೆಣ್ಣು ಜೊತೆಗಿರಲಿ ಎಂದು ಅವಳನ್ನೂ ಜೀಪು ಹತ್ತಿಸಿದರು.

ಹೊನ್ನಾಳಿ ದಾಟಿದ ಮೇಲೆ ಜುಲೇಖಾಬಿಯನ್ನು ಕೇಳಿದರು, ಅನುಮತಿ ಬರುವವರೆಗೆ ತಡೆಯಲಾಗಲಿಲ್ಲವೇ ಎಂದು.

ಮೊದಲ ಗಂಡ ತೀರಿದ ಮೇಲೆ ಎರಡನೆಯ ನಿಕಾಹ್ ಕರಾಚಿಯಲ್ಲಾಗಿತ್ತು. ಎರಡು ವರ್ಷದ ಮಗಳನ್ನು ಅಣ್ಣನ ಬಳಿ ಬಿಟ್ಟು, ಬೇಗ ಬಂದು ಒಯ್ಯುವೆನೆಂದು ಹೋಗಿದ್ದಳು. ಅಷ್ಟರಲ್ಲಿ ಅರವತ್ತೈದರ ಯುದ್ಧ. ದಾರಿ ಮುಚ್ಚಿತು.

“ನನ್ನ ನೋಡಾಕೆ ಚನ್ನಗಿರಿಗೆ ಬಂದಾಗೆಲ್ಲ ಶಂಶಾದ್ ‘ಕರಾಚಿಯೋರು’ ಅಂತಿದ್ದಳು,” ಎಂದಳು ಜುಲೇಖಾಬಿ. “ಇವತ್ತು ತಲೆ ತಿಕ್ಕೋವಾಗ ಕಣ್ಣಿಗೆ ಸೀಗೆಕಾಯಿ ಹೋತು. ‘ಅಮ್ಮೀ, ಮೆತ್ತಗೆ’ ಅಂತ ಬೈದಳು.”

ಮರುದಿನ ಜಾಮೀನಿಗೆ ತಕರಾರಿಲ್ಲ, ಜಾಮೀನುದಾರರ ಊರು ನ್ಯಾಮತಿ ಎಂದು ವಿರೂಪಾಕ್ಷಪ್ಪ ನ್ಯಾಯಾಲಯಕ್ಕೆ ತಿಳಿಸಿದರು. ಬಿಡುಗಡೆಯ ಆದೇಶಕ್ಕೆ ಷರತ್ತು ಒಂದೇ ಇತ್ತು: ಮುಂದಿನ ವಿಚಾರಣೆಯವರೆಗೆ ಆರೋಪಿ ನ್ಯಾಮತಿ ಬಿಟ್ಟು ಕದಲಕೂಡದು.