ಮೈದುನನ ಗಾಡಿಯ ತಂಪು

ನಾರ್ಬರ್ಟ್ ಮಥಾಯಸನಿಗೆ ಕಳ್ಳತನ ಮಾಡುವ ಆಲೋಚನೆ ಮೊದಲ ಸಲ ಬಂದದ್ದು ಚರ್ಚಿನ ಪೂಜೆಗೆ ಹೋಗುವ ದಾರಿಯಲ್ಲಿ. ವಾರದ ರಜೆಯ ಶುಕ್ರವಾರ ಬೆಳಿಗ್ಗೆ ಅಬುಧಾಬಿಯ ಒಂದು ಸಿಗ್ನಲಿನಲ್ಲಿ ಅವನ ಬಿಳಿ ಗಾಡಿ ನಿಂತಿತ್ತು. ನಾಲ್ಕೂ ಕಿಟಕಿ ತೆರೆದಿದ್ದವು, ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿತ್ತು. ಮುಂದೆ ಅದೇ ಕಂಪನಿಯ, ಅದೇ ಮಾಡೆಲಿನ, ಅದೇ ಬಿಳಿ ಬಣ್ಣದ ಇನ್ನೊಂದು ಗಾಡಿ. ಅದರ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಸ್ಟಿಯರಿಂಗ್ ಹಿಡಿದವನು ಮೈದುನ ಯುಜಿನ್, ಪಕ್ಕದಲ್ಲಿ ನಾರ್ಬರ್ಟನ ಹೆಂಡತಿ ಎಲ್ಸಿ, ಹಿಂದೆ ಮಗಳು ಒಲಿವಿಯಾ. ಎಲ್ಸಿ ಶಾಲು ಹೊದ್ದುಕೊಂಡಿದ್ದಳು. ಗಂಡನಾದವನ ಹೊಟ್ಟೆ ಉರಿಯಲು ಪರಪುರುಷನೇ ಬೇಕೆಂದಿಲ್ಲ, ಒಂದು ಶಾಲು ಸಾಕು ಎಂದು ನಾರ್ಬರ್ಟನಿಗೆ ಆ ದಿನ ಗೊತ್ತಾಯಿತು.

ಎರಡೂ ಗಾಡಿ ಬಂದದ್ದು ಒಂದೇ ಡಿಸೆಂಬರಿನಲ್ಲಿ, ಒಂದೂವರೆ ವರ್ಷದ ಹಿಂದೆ. ಯುಜಿನ್ ತಾನು ಶೋರೂಮಿಗೆ ಹೋಗಿ, ಅವರು ಹೇಳಿದಷ್ಟು ಕೊಟ್ಟು, ವಾರಂಟಿ ಸಮೇತ ತಂದದ್ದೆಂದು ಚರ್ಚಿನ ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ನಾರ್ಬರ್ಟನಿಗೆ ಅದನ್ನು ಕೇಳಿ ನಗು ಬಂತು. ದೊಡ್ಡ ಹೋಟೆಲೊಂದರ ಲಾಂಡ್ರಿ ಮ್ಯಾನೇಜರ್ ಅವನು. ಒಂದು ಹಿಡಿ ಸೋಪಿನ ಪುಡಿಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂದು ಬಲ್ಲವನು. ಶೋರೂಮಿನ ಗಾಜಿಗೂ, ಅಲ್ಲಿ ಕೊಡುವ ಬಿಟ್ಟಿ ಕಾಫಿಗೂ, ಟೈ ಕಟ್ಟಿದವನ ನಗುವಿಗೂ ತಾನೇಕೆ ದುಡ್ಡು ತೆರಬೇಕು? ಅವನು ದುಬೈಯ ಮುಹಿಯುದ್ದೀನನನ್ನು ಹಿಡಿದ. ಉಳ್ಳಾಲ ಕಡೆಯ ಈ ಬ್ಯಾರಿ ಹೊರದೇಶದಿಂದ ಹೊಸ ಗಾಡಿ ತರಿಸಿಕೊಡುವ ದಲ್ಲಾಳಿ. ಮಸ್ಕತ್ತಿನಿಂದ ಬಂದ ಗಾಡಿ ಶೋರೂಮಿನದಕ್ಕಿಂತ ಎಷ್ಟೋ ಅಗ್ಗಕ್ಕೆ ಬಿತ್ತು. ಎಷ್ಟು ಅಗ್ಗವೆಂದು ನಾರ್ಬರ್ಟ್, ಗಾಡಿ ಆಶೀರ್ವಾದ ಮಾಡಲು ಬಂದ ಪಾದ್ರಿಯವರಿಗೂ ವಿವರಿಸಿದ.

ಚಳಿಗಾಲ ಸುಖವಾಗಿ ಕಳೆಯಿತು. ಜೂನಿನಲ್ಲಿ ಸಂಸಾರ ಸಮೇತ ಊರಿಗೆ ಹೋಗಿ, ಒಂದು ತಿಂಗಳು ಮೀನು ಹಲಸು ತಿಂದು ಬಂದು ಗಾಡಿ ತೆಗೆದರೆ, ಏಸಿಯ ಬಾಯಿಯಿಂದ ಬೆಚ್ಚನೆಯ ಗಾಳಿ. ಗ್ಯಾಸ್ ತುಂಬಿಸಿದ, ಒಂದು ವಾರ ನಡೆಯಿತು. ಗ್ಯಾರೇಜಿನವನೊಬ್ಬ ಬಾನೆಟ್ ಎತ್ತಿ ಇಣುಕಿ, ಇದು ಚಳಿ ದೇಶಕ್ಕೆ ಮಾಡಿದ ಏಸಿ, ಇಲ್ಲಿನ ಬಿಸಿಲಿಗೆ ಇದರ ಕೈಯಲ್ಲಿ ಆಗುವುದಿಲ್ಲ ಎಂದು ತೀರ್ಪು ಕೊಟ್ಟ. ನಾರ್ಬರ್ಟ್ ಕೂಡಲೇ ದಲ್ಲಾಳಿಯನ್ನು ಕರೆಸಿದ.

ಮುಹಿಯುದ್ದೀನ್ ಬಂದು ಏಸಿಯ ಎದುರು ಅಂಗೈ ಹಿಡಿದು ನೋಡಿದ. "ನಾರ್ಬರ್ಟ್ ಪೊರ್ಬುಗಳೇ, ನಾನು ಕೊಟ್ಟ ಗಾಡಿ ಹೀಗಿರಲಿಲ್ಲ. ಅಲ್ಲಾಹನಾಣೆ, ಇದು ಗಲ್ಫಿಗೇ ಅಂತ ಮಾಡಿದ್ದು. ಆಗ ಐಸಿನ ಹಾಗೆ ಇತ್ತಲ್ವಾ?"

"ಡಿಸೆಂಬರಿನಲ್ಲಿ ಕತ್ತೆ ಗಾಡಿಯೂ ಐಸಿನ ಹಾಗೇ ಇರುತ್ತದೆ ಮಾರಾಯ," ಎಂದ ನಾರ್ಬರ್ಟ್.

ಆ ದಿನದಿಂದ ಮುಹಿಯುದ್ದೀನ್ ಮೋಸಗಾರ ಎಂಬ ಸುದ್ದಿ ಚರ್ಚಿನ ಅಂಗಳದಲ್ಲಿ ಓಡಾಡಿತು. ಓಡಾಡಿಸಿದವನು ನಾರ್ಬರ್ಟೇ. ಆದರೆ ಸುದ್ದಿಯಿಂದ ಗಾಡಿ ತಂಪಾಗಲಿಲ್ಲ. ಎಲ್ಸಿ ಕ್ಲಿನಿಕ್ಕಿನಲ್ಲಿ ನರ್ಸ್. ಮಾತನ್ನೂ ಇಂಜೆಕ್ಷನ್ನಿನ ಹಾಗೆ ಜಾಗ ನೋಡಿಯೇ ಚುಚ್ಚುವವಳು. "ದುಡ್ಡು ಉಳಿಸಿದ್ದೀರಲ್ಲ, ಅದನ್ನೇ ಬೀಸಿಕೊಳ್ಳಿ," ಎಂದು ಹೇಳಿ ಅವಳು ತಮ್ಮನ ಗಾಡಿಗೆ ಹತ್ತಿದಳು. ಒಲಿವಿಯಾ ಅಮ್ಮನ ಹಿಂದೆಯೇ ಹೋಗುತ್ತ, "ಡ್ಯಾಡಾ, ಯುವರ್ ಕಾರ್ ಈಸ್ ಆನ್ ಓವನ್," ಎಂದಳು. ಇಡೀ ವರ್ಷ ಹೀಗೇ ನಡೆಯಿತು. ನಾರ್ಬರ್ಟನಿಗೆ ಬೇಕಾಗಿದ್ದುದು ದೊಡ್ಡದೇನಲ್ಲ: ಹೆಂಡತಿ ತನ್ನ ಪಕ್ಕದಲ್ಲಿ ಕುಳಿತು, ಶಾಲು ಎಳೆದುಕೊಂಡು, ಏಸಿ ಸ್ವಲ್ಪ ಕಡಿಮೆ ಮಾಡಿ ಎನ್ನಬೇಕು. ಅಷ್ಟು ಕೇಳಿಸಿಕೊಳ್ಳಲು ಅವನು ಏನು ಮಾಡಲೂ ತಯಾರಿದ್ದ.

ದಾರಿ ತೋರಿಸಿದವನು ಸ್ವತಃ ಯುಜಿನ್. ಜುಲೈಯಲ್ಲಿ ಅವನಿಗೆ ಊರಿಗೆ ಹೋಗುವ ರಜೆ. ಗಲ್ಫಿನಲ್ಲಿ ರಜೆಗೆ ಹೋಗುವವನು ಗಾಡಿಯ ಕೀಯನ್ನು ನಂಬಿಗಸ್ತರ ಕೈಯಲ್ಲಿ ಕೊಟ್ಟು ಹೋಗುತ್ತಾನೆ. ಅವರು ಆಗಾಗ ಸ್ಟಾರ್ಟ್ ಮಾಡಿ ಬ್ಯಾಟರಿಯ ಜೀವ ಉಳಿಸುತ್ತಾರೆ. ಭಾವ ಮೈದುನರಲ್ಲಿ ಇದು ವರ್ಷಕ್ಕೊಬ್ಬರ ಸರದಿ. ಯುಜಿನ್ ಟೂರಿಸ್ಟ್ ಕ್ಲಬ್ ಏರಿಯಾದ ಭಾವನ ಫ್ಲ್ಯಾಟಿಗೆ ಬಂದು ಕೀ ಮೇಜಿನ ಮೇಲಿಟ್ಟ.

"ಗಾಡಿ ನಿಮ್ಮ ಕೈಯಲ್ಲಿ ಉಂಟು ಬಾವ. ನನಗೆ ಚಿಂತೆ ಇಲ್ಲ," ಎಂದ. ಹೇಳುವಾಗ ಅವನು ಯಾಕೋ ನೆಲ ನೋಡುತ್ತಿದ್ದ. ನಾರ್ಬರ್ಟನೂ ನೆಲವನ್ನೇ ನೋಡುತ್ತಿದ್ದುದರಿಂದ ಅದು ಅವನಿಗೆ ಕಾಣಲಿಲ್ಲ.

ಯೋಜನೆ ಎರಡೇ ದಿನದಲ್ಲಿ ತಯಾರಾಯಿತು. ಗಾಡಿ ಕದಿಯುವುದು ಮೂರ್ಖರ ಕೆಲಸ. ಗಾಡಿಯ ತಂಪನ್ನಷ್ಟೇ ಕದಿಯಬೇಕು. ಎರಡೂ ಒಂದೇ ಮಾಡೆಲ್. ಇದರ ಕಂಪ್ರೆಸರ್, ಮುಂದಿನ ಜಾಲರಿ, ಫ್ಯಾನು ಅದಕ್ಕೆ, ಅದರದು ಇದಕ್ಕೆ. ಬಾನೆಟ್ ಮುಚ್ಚಿದರೆ ದೇವರಿಗೂ ಗೊತ್ತಾಗದು. ಯುಜಿನ್ ವಾಪಸು ಬಂದು ಏಸಿ ಹಾಕಿದಾಗ ಬಿಸಿಗಾಳಿ ಬರುತ್ತದೆ, ಅವನು ಬೈದುಕೊಂಡು ಶೋರೂಮಿಗೆ ಹೋಗುತ್ತಾನೆ, ವಾರಂಟಿಯಲ್ಲಿ ಅವರು ಹೊಸದು ಹಾಕಿಕೊಡುತ್ತಾರೆ. ಕದ್ದ ಮಾಲು ಕದ್ದವನ ಬಳಿಯೇ ಉಳಿದು, ಕಳಕೊಂಡವನಿಗೂ ನಷ್ಟವಿಲ್ಲ! ನಷ್ಟವೆಲ್ಲ ಯಾವುದೋ ದೊಡ್ಡ ಕಂಪನಿಯದು. ಕಲೆಯನ್ನು ಬಟ್ಟೆಯಿಂದ ನೀರಿಗೆ, ನೀರಿನಿಂದ ಮೋರಿಗೆ ದಾಟಿಸುವುದೇ ಉದ್ಯೋಗವಾದ ಮನುಷ್ಯನಿಗೆ ಇದು ಪಾಪವೆಂದು ಕೂಡ ಅನಿಸಲಿಲ್ಲ.

ಗ್ಯಾರೇಜು ಅಬುಧಾಬಿಯಲ್ಲಿ ಬೇಡ. ಇಲ್ಲಿ ಯಾವ ಗ್ಯಾರೇಜಿನ ಎದುರು ನಿಂತರೂ ಚರ್ಚಿನವರೊಬ್ಬರು ಹಲೋ ಎನ್ನುತ್ತಾರೆ. ದುಬೈಯ ಸತ್ವಾದ ಒಂದು ಗ್ಯಾರೇಜಿನ ಕಾರ್ಡು ಅವನದೇ ಗಾಡಿಯ ಸೀಟಿನಡಿ ಬಹಳ ದಿನಗಳಿಂದ ಬಿದ್ದಿತ್ತು. ಮುಹಿಯುದ್ದೀನ್ ಬೀಳಿಸಿಕೊಂಡದ್ದಿರಬೇಕು. ಕಳ್ಳ ದಲ್ಲಾಳಿಯ ಗ್ಯಾರೇಜಿನವರು ಪ್ರಶ್ನೆ ಕೇಳುವ ಪೈಕಿ ಇರಲಾರರು ಎಂದು ನಾರ್ಬರ್ಟ್ ಲೆಕ್ಕ ಹಾಕಿದ.

ಅವನು ಯಾವುದನ್ನೂ ಮರೆಯಲಿಲ್ಲ. ದುಬೈಯ ಸಾಲಿಕ್ ಗೇಟಿನಡಿ ಹಾದುಹೋದರೆ ಟೋಲ್ ಕಡಿತವಾದ ಮೆಸೇಜು ನೇರ ಯುಜಿನನ ಮೊಬೈಲಿಗೆ ಹೋಗುತ್ತದೆ. ಅದಕ್ಕೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳ ನಡುವೆ ನುಸುಳಿ, ಗೇಟುಗಳನ್ನೆಲ್ಲ ಸುತ್ತುಹಾಕಿ ಹೋದ. ಓಡಿದ ಕಿಲೋಮೀಟರಿಗೆ ನೆವ ಮೊದಲೇ ಸಿದ್ಧವಿತ್ತು. "ನಿಂತಲ್ಲೇ ನಿಂತರೆ ಟಯರ್ ಹಾಳು, ವಾರಕ್ಕೊಮ್ಮೆ ಒಂದು ರೌಂಡ್ ಹೊಡೆಸುತ್ತೇನೆ," ಎಂದು ಯುಜಿನನಿಗೆ ವಾಟ್ಸಾಪ್ ಮಾಡಿದ್ದ. ಸ್ಟಿಯರಿಂಗ್ ಹಿಡಿಯಲು ಹೋಟೆಲಿನ ಬಿಳಿ ಕೈಗವಸು ಹಾಕಿಕೊಂಡ. ಭಾವನ ಬೆರಳಚ್ಚು ಮೈದುನನ ಗಾಡಿಯಲ್ಲಿ ಇರುವುದು ಅಪರಾಧವಲ್ಲ ಎಂದು ಅರ್ಧ ದಾರಿಯಲ್ಲಿ ಹೊಳೆಯಿತು, ಆದರೂ ತೆಗೆಯಲಿಲ್ಲ. ಕೈಗವಸಿನಿಂದ ಒಂದು ಗಾಂಭೀರ್ಯ ಬಂದಿತ್ತು.

ಯುಜಿನನ ಗಾಡಿಯೊಳಗೆ ಕುಳಿತಾಗ ಹೊಟ್ಟೆಕಿಚ್ಚು ಇನ್ನೊಂದು ಸುತ್ತು ಹೆಚ್ಚಾಯಿತು. ತಂಪು ಎಂದರೆ ಹಲ್ಲು ಕಡಕಡ ಎನ್ನುವಷ್ಟು. ಅದೂ ಸಾಲದೆಂಬಂತೆ ಗೇರಿನ ಪಕ್ಕದಲ್ಲಿ ತನ್ನ ಗಾಡಿಯಲ್ಲಿಲ್ಲದ ಒಂದು ಗುಂಡಿ. ಅದರ ಮೇಲೆ ಪುಟ್ಟ ಕುರ್ಚಿಯ ಚಿತ್ರ, ಕುರ್ಚಿಯಿಂದ ಮೇಲೇಳುವ ಮೂರು ಅಂಕುಡೊಂಕು ಗೆರೆ. ಶೋರೂಮಿನವರು ಹೆಚ್ಚು ದುಡ್ಡು ಕೀಳುವುದು ಇಂಥ ಶೋಕಿಗೇ ಎಂದುಕೊಂಡು ನಾರ್ಬರ್ಟ್ ಅದನ್ನು ಮುಟ್ಟಲೂ ಇಲ್ಲ.

ಯುಜಿನನ ಗಾಡಿಯನ್ನು ಸತ್ವಾದಲ್ಲಿ ಬಿಟ್ಟು, ಬಸ್ಸು ಹಿಡಿದು ವಾಪಸು ಬಂದು, ಮರುದಿನ ತನ್ನದನ್ನು ಒಯ್ದ. ದರ್ಜಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಗ್ಯಾರೇಜು. ಪಠಾಣ್ ಮೇಸ್ತ್ರಿ ಎರಡು ಬಿಳಿ ಗಾಡಿಗಳನ್ನು ಅಕ್ಕಪಕ್ಕ ಕಂಡು ಗಡ್ಡ ಸವರಿದ. ಏನು ಬದಲಿಸಬೇಕು ಎಂದು ನಾರ್ಬರ್ಟ್ ಪೂರ್ತಿ ಹೇಳುವ ಮೊದಲೇ ತಲೆಯಾಡಿಸಿದ.

"ಇಸ್ ಸಾಲ್ ಭೀ ಗರ್ಮೀ ಬಹುತ್ ಹೈ, ಸಾಬ್," ಎಂದ.

ಈ ವರ್ಷವೂ ಸೆಕೆ ಜೋರೇ ಎಂದು ನಾರ್ಬರ್ಟ್ ಒಪ್ಪಿಕೊಂಡ. ಎರಡು ದಿನ ಹಿಡಿಯಬಹುದೆಂದು ಅವನು ಅಂದಾಜಿಸಿದ್ದ ಕೆಲಸವನ್ನು ಮೇಸ್ತ್ರಿ ಮಧ್ಯಾಹ್ನದ ಬಿರಿಯಾನಿಯ ಹೊತ್ತಿಗೆ ಮುಗಿಸಿದ. ಬೋಲ್ಟುಗಳು ಕೈಗೆ ಸಲೀಸಾಗಿ ಬಿಚ್ಚಿ ಬಂದವು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಖಲಾಸ್," ಎಂದ. ಒಳ್ಳೆಯ ಕೆಲಸಗಾರ ಸಿಗುವುದೂ ಅದೃಷ್ಟವೇ ಎಂದುಕೊಂಡು ನಾರ್ಬರ್ಟ್ ಅವನಿಗೆ ಸ್ವಲ್ಪ ಹೆಚ್ಚೇ ಕೊಟ್ಟ.

ಮುಂದಿನ ಶುಕ್ರವಾರ ಎಲ್ಸಿಗೆ ಬೇರೆ ದಾರಿ ಇರಲಿಲ್ಲ. ಒದ್ದೆ ಟವೆಲು, ನೀರಿನ ಬಾಟಲಿ ಹಿಡಿದು, ಬೇಸರದ ಮುಖ ಹೊತ್ತು ಗಂಡನ ಗಾಡಿ ಹತ್ತಿದಳು. ಎರಡನೆಯ ಸಿಗ್ನಲಿಗೆ ಟವೆಲು ಮಡಚಿಟ್ಟಳು. ಮೂರನೆಯದಕ್ಕೆ ಬ್ಯಾಗಿನಿಂದ ಶಾಲು ತೆಗೆದಳು.

"ಎಂತ ಮಾಡಿಸಿದ್ದು?"

"ಗ್ಯಾಸ್ ಹಾಕಿಸಿದೆ ಅಷ್ಟೇ."

"ಸ್ವಲ್ಪ ಕಡಿಮೆ ಮಾಡಿ. ಮಗುವಿಗೆ ಶೀತ ಆಗ್ತದೆ."

ನಾರ್ಬರ್ಟನ ಕಣ್ಣು ಒದ್ದೆಯಾಯಿತು. ಆ ದಿನದ ಪೂಜೆಯಲ್ಲಿ ಅವನು ಹಾಡಿದಷ್ಟು ಗಟ್ಟಿಯಾಗಿ ಕ್ವಾಯರಿನವರೂ ಹಾಡಲಿಲ್ಲ. ನಾಲ್ಕು ಶುಕ್ರವಾರ ಅವನು ರಾಜನ ಹಾಗೆ ಗಾಡಿ ಓಡಿಸಿದ.

ಆಗಸ್ಟಿನಲ್ಲಿ ಯುಜಿನ್ ಬಂದ. ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ನೇರ ಅಕ್ಕನ ಮನೆಗೆ, ಹಪ್ಪಳದ ಕಟ್ಟು, ಒಣ ಸಿಗಡಿಯ ಡಬ್ಬ ಹಿಡಿದು. ಮುಖ ಸಣ್ಣಗಾಗಿತ್ತು. ಊರಿನಲ್ಲಿ ಒಂದು ವಾರದ ಧ್ಯಾನ ಪ್ರಾರ್ಥನೆಯ ರಿಟ್ರೀಟಿಗೆ ಕುಳಿತಿದ್ದನಂತೆ. ಕೀ ಕೊಡಲು ಎದ್ದ ನಾರ್ಬರ್ಟನ ಕೈಯನ್ನು ಅವನು ತಡೆದ.

"ಬಾವ, ಅದು ನಿಮ್ಮ ಹತ್ತಿರವೇ ಇರಲಿ. ಇವತ್ತಿನಿಂದ ಆ ಗಾಡಿ ನಿಮ್ಮದು. ನಿಮ್ಮದನ್ನು ನನಗೆ ಕೊಡಿ."

"ತಲೆ ಸರಿ ಉಂಟಾ ನಿಂಗೆ?"

"ರಿಟ್ರೀಟಿನಲ್ಲಿ ಪಾದ್ರಿಯವರಿಗೆ ಮಾತು ಕೊಟ್ಟಿದ್ದೇನೆ. ಅಕ್ಕನ ಎದುರು ಕಾರಣ ಕೇಳಬೇಡಿ. ನಾಡಿದ್ದು ಇಬ್ಬರೂ ಹೋಗಿ ಗಾಡಿಯ ಮುಲ್ಕಿಯಾ ಕಾರ್ಡಿನಲ್ಲಿ ಮಾಲಿಕರ ಹೆಸರು ಬದಲಿಸುವ."

ತಾನೇ ಕೈಯಾರೆ ಒಲೆ ಮಾಡಿಟ್ಟ ಗಾಡಿ ತನಗೇ ಉಡುಗೊರೆಯಾಗಿ ಬರುತ್ತಿತ್ತು. "ಬೇಡ ಮಾರಾಯ," ಎಂದ ನಾರ್ಬರ್ಟ್. "ನನ್ನ ಗಾಡಿ ಈಗ ಭಾರೀ ಲಾಯ್ಕ ಉಂಟು. ಇವಳನ್ನೇ ಕೇಳು."

"ಎಂತ ಲಾಯ್ಕ?" ಎಂದಳು ಎಲ್ಸಿ. "ಬರೀ ಗ್ಯಾಸ್ ಹಾಕಿಸಿದ್ದು ಅಂತ ನೀವೇ ಹೇಳಿದ್ದಲ್ವಾ? ಹೋದ ವರ್ಷದ ಗ್ಯಾಸ್ ಒಂದು ವಾರ ಬಂತು. ಪಾಪ, ಅವನು ಪ್ರೀತಿಯಲ್ಲಿ ಶೋರೂಮಿನ ಗಾಡಿ ಕೊಡುವಾಗ ಬೇಡ ಅಂತೀರಲ್ಲ. ಒಲಿವಿಯಾ, ಚಪ್ಪಲಿ ಹಾಕು. ಒಂದು ರೌಂಡ್ ಹೋಗಿ ಬರುವ."

ಅವಳು ಗೋಡೆಯ ಮೊಳೆಯಿಂದ ನಾರ್ಬರ್ಟನ ಕೀ ತೆಗೆದು ತಮ್ಮನ ಕೈಗಿಟ್ಟಳು. ಬೇಡ ಎನ್ನಲು ನಾರ್ಬರ್ಟನ ಬಳಿ ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವಂತಿರಲಿಲ್ಲ.

ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ತಾಯಿ ಮಗಳು ಓಡಿಹೋಗಿ ಯುಜಿನ್ ಕೊಟ್ಟ ಹೊಸ ಗಾಡಿಯಲ್ಲಿ ಕುಳಿತರು. ಯುಜಿನ್ ಭಾವನನ್ನು ಕಂಬದ ಮರೆಗೆ ಕರೆದ.

"ಹೋದ ವರ್ಷ ನೀವು ಊರಿಗೆ ಹೋದಾಗ ನಿಮ್ಮ ಕೀ ನನ್ನ ಹತ್ತಿರ ಇತ್ತಲ್ವಾ ಬಾವ," ಎಂದ. "ಆಗ ಸತ್ವಾಕ್ಕೆ ಎರಡೂ ಗಾಡಿ ತೆಗೆದುಕೊಂಡು ಹೋಗಿ ಏಸಿ ಬದಲಿಸಿದೆ. ನಿಮ್ಮ ಒಳ್ಳೆಯದನ್ನು ನಾನು ಹಾಕಿಕೊಂಡೆ. ಕದ್ದದ್ದನ್ನು ವಾಪಸು ಕೊಡದೆ ಕ್ಷಮೆ ಇಲ್ಲ ಅಂತ ಪಾದ್ರಿಯವರು ಹೇಳಿದರು. ಇನ್ನೊಮ್ಮೆ ಬಿಚ್ಚಿಸುವುದಕ್ಕಿಂತ ಗಾಡಿಯನ್ನೇ ಕೊಡುವ ಅಂತ ಕಂಡಿತು."

ನಾರ್ಬರ್ಟನಿಗೆ ಕೂಗಬೇಕೆನಿಸಿತು. ತಾನು ಕೊಂಡ ಗಾಡಿ ಸರಿಯಾಗಿಯೇ ಇತ್ತು. ಮುಹಿಯುದ್ದೀನ್ ಹೇಳಿದ್ದು ಸತ್ಯವೇ. ಒಂದು ವರ್ಷ ಹೆಂಡತಿಯಿಂದ ತಿಂದ ಮಾತೆಲ್ಲ ಸುಳ್ಳು. ಇದನ್ನು ಚರ್ಚಿನ ಮೈಕಿನಲ್ಲಿ ಹೇಳಬಹುದಿತ್ತು, ಮೊನ್ನೆ ಜುಲೈಯಲ್ಲಿ ಅವನು ಸುಮ್ಮನೆ ಮನೆಯಲ್ಲಿ ಕುಳಿತಿದ್ದರೆ.

"ಆದರೆ ನಿನ್ನದು ಶೋರೂಮಿನ ಗಾಡಿಯಲ್ವಾ?" ಎಂದ ಕಷ್ಟದಿಂದ. "ನನ್ನ ಏಸಿ ನಿನಗೆ ಎಂತಕ್ಕೆ?"

ಕಳ್ಳತನವನ್ನು ಒಪ್ಪಿಕೊಂಡ ಯುಜಿನ್ ಈ ಪ್ರಶ್ನೆಗೆ ಮಾತ್ರ ಬಾಯಿ ಬಿಡಲಿಲ್ಲ. "ಕ್ಷಮಿಸಿದೆ ಅನ್ನಿ ಬಾವ," ಎಂದಷ್ಟೇ ಎಂದ.

"ಕ್ಷಮಿಸಿದೆ," ಎಂದ ನಾರ್ಬರ್ಟ್.

ಯುಜಿನ್ ಹೋಗಿ ನಾರ್ಬರ್ಟನ ಗಾಡಿಯಲ್ಲಿ ಕುಳಿತು ಸ್ಟಾರ್ಟ್ ಮಾಡಿದ. ಸ್ವಲ್ಪ ಹೊತ್ತಿನಲ್ಲಿ ಅವನ ಹಣೆಯ ಕೂದಲು ಗಾಳಿಗೆ ಹಾರತೊಡಗಿತು. ಅವನು ಕಿಟಕಿ ಇಳಿಸಿ, ಅಳುವ ನಗುವ ಎರಡೂ ಮುಖ ಮಾಡಿಕೊಂಡು, "ಬಾವ, ಐಸು! ಬರೀ ಗ್ಯಾಸಿನಲ್ಲಿ ಇಷ್ಟು ತಂಪಾ? ದೇವರು ನನ್ನನ್ನೂ ಕ್ಷಮಿಸಿದ," ಎಂದು ಕೂಗಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದ.

ನಾರ್ಬರ್ಟ್ ತನ್ನ ಹೊಸ ಗಾಡಿಯ ಬಾಗಿಲು ತೆರೆದು ಕುಳಿತ. ಎಲ್ಸಿ ಆಗಲೇ ಶಾಲು ಹೊದ್ದು ತಯಾರಾಗಿದ್ದಳು. ಅವನು ಏಸಿ ಹಾಕಿದ. ಆಗಸ್ಟಿನ ಪಾರ್ಕಿಂಗಿನ ಗಾಳಿಯೇ ಒಳಕ್ಕೆ ಬಂತು. "ಶೋರೂಮಿನ ಗಾಡಿಗೆ ಬೇರೆ ಗುಂಡಿ ಇರಬೇಕು, ಇದು ನೋಡಿ," ಎಂದು ಎಲ್ಸಿ ಕುರ್ಚಿಯ ಚಿತ್ರವಿದ್ದ ಗುಂಡಿ ಒತ್ತಿ, ತಂಪಿಗಾಗಿ ಹಿಂದಕ್ಕೊರಗಿದಳು. ನಾರ್ಬರ್ಟ್ ಆ ಗುಂಡಿಯನ್ನು ಜುಲೈ ಇಡೀ ನೋಡಿದ್ದ, ಮರಳುಗಾಡಿನ ಯಾವ ಶೋರೂಮಿನವನು ಅಂಥದ್ದನ್ನು ಮಾರುತ್ತಾನೆ ಎಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಯುಜಿನನೂ ಯಾವನೋ ದಲ್ಲಾಳಿಯನ್ನು ಹಿಡಿದು, ಎಲ್ಲೋ ಹಿಮ ಬೀಳುವ ದೇಶಕ್ಕೆಂದು ಮಾಡಿದ ಗಾಡಿಯನ್ನು ಅಗ್ಗಕ್ಕೆ ತರಿಸಿದ್ದ. ಶೋರೂಮೂ ಇಲ್ಲ, ವಾರಂಟಿಯೂ ಇಲ್ಲ. "ಇದೆಂತದು, ಕೆಳಗಿಂದ ಬಿಸಿ ಬರ್ತಾ ಉಂಟಲ್ಲ?" ಎಂದಳು ಎಲ್ಸಿ. ಅವಳ ಸೀಟು ನಿಧಾನವಾಗಿ ಕಾಯುತ್ತಿತ್ತು.