ಆಡಿಟ್ ದಿನದ ಸೋಪು

"ರೀ ಹೊಸಬ್ರೇ! ಆ ಸೋಪು ಮುಟ್ಬೇಡಿ!"

ಕೈ ತೊಳೆಯಲು ಹೋದ ಯುವಕ ಬೆಚ್ಚಿ ನಿಂತ. ಮದ್ದೂರಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ರಂಜಿತ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅದು ಆಡಿಟ್ ಸೋಪು ಕಣ್ರೀ. ನಮ್ಮ ಶರ್ಟ್ ಕೊಳ್ಳೋ ಫಾರಿನ್ ಕಂಪ್ನಿಯೋರು ಹನ್ನೊಂದಕ್ಕೆ ತಪಾಸಣೆಗೆ ಬತ್ತಾರೆ. ಅವ್ರು ಅತ್ತ ಹೋದ್ರೆ ಸೋಪು ಇತ್ತ ಮ್ಯಾನೇಜರ್ ಬೀರು ಸೇರ್ತದೆ."

ಅವನು ನಕ್ಕ. ಅಯ್ಯೋ, ಕೆನ್ನೆಯಲ್ಲಿ ಗುಳಿ ಬೀಳುತ್ತಲ್ಲ! ರಂಜಿತಳ ಎದೆ ಮೆಷಿನ್ನಿಗಿಂತ ಜೋರಾಗಿ ಓಡಿತು.

ಪಾಪ, ಬಸ್ಸಿನಲ್ಲಿ ಸುಕ್ಕಾದ ಅಂಗಿ... ಹೊಸ ಹೆಲ್ಪರ್ರೇ ಇರಬೇಕು! ಅವನು ಎರಡು ಸಲ ಬಾಯಿ ತೆರೆದರೂ ಅವಳು ಬಿಡಲಿಲ್ಲ.

"ಏನ್ ಕೇಳಿದ್ರೂ 'ಎಲ್ಲಾ ಚೆನ್ನಾಗೈತೆ ಸಾರ್' ಅನ್ನಿ. ನೀರು? ಚೆನ್ನಾಗೈತೆ. ಟಾಯ್ಲೆಟ್ಟಿಗೆ ಬುಡ್ತಾರಾ? ಬುಡ್ತಾರೆ."

"ನಿಜ್ವಾಗ್ಲೂ ಬುಡ್ತಾರಾ?"

"ಎಲ್ಬಂತು! ಟಾಯ್ಲೆಟ್ಟಿಗೆ ಹೋಗಾಕೆ ಎಪ್ಪತ್ತು ಜನಕ್ಕೆ ಒಂದೇ ಟೋಕನ್. ಅದಕ್ಕೇ ನಾವು ನೀರೇ ಕುಡಿಯಕಿಲ್ಲ. ಪಕ್ಕದ ಮೆಷಿನ್ ಮಂಚಮ್ಮಂಗೆ ಕಿಡ್ನೀಲಿ ಕಲ್ಲಾಗೈತೆ."

ಅವನ ಗುಳಿ ಮಾಯವಾಯಿತು.

ಹನ್ನೊಂದಕ್ಕೆ ಮ್ಯಾನೇಜರ್ ಹಾರ ಹಿಡಿದು ಓಡಿ ಬಂದು, ಅದೇ ಸುಕ್ಕು ಅಂಗಿಯ ಕೊರಳಿಗೆ ಹಾಕಿದರು. "ವೆಲ್‌ಕಮ್, ರಘುನಂದನ್ ಸಾರ್!"

ಮೋಸಗಾರ! ಈಗ ಆರ್ಡರ್ ಹೋದರೆ ನಾನೂರು ಜನರ ಕೆಲಸ... ಅದೂ ನನ್ನ ಬಾಯಿಂದ!

ಒಂದು ತಿಂಗಳು ಅವಳು ಕಾಲರ್‌ಗೊಂದರಂತೆ ಅವನಿಗೆ ಬೈಗುಳ ಹಾಕಿದಳು. ಆದರೆ ಆರ್ಡರ್ ಹೋಗಲಿಲ್ಲ, ಹೋಗಿದ್ದು ಟೋಕನ್! ನೀರಿನ ಫಿಲ್ಟರ್ ಬಂತು. ಅವಸರದ ಗಡುವು ಕೊಟ್ಟು ಫ್ಯಾಕ್ಟರಿಯ ಕತ್ತು ಹಿಸುಕಿದ್ದು ತಮ್ಮದೂ ತಪ್ಪೆಂದು ಕಂಪನಿ ಒಪ್ಪಿ, ಹೆಚ್ಚು ದಿನ ಕೊಟ್ಟಿತಂತೆ. ಹಾಗೆ ರಿಪೋರ್ಟ್ ಬರೆದವನು ರಘುನಂದನ್. ಹೇಳಿದವರ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ಛೆ, ಬೈದದ್ದನ್ನೆಲ್ಲ ವಾಪಸು ತಗೊಳ್ಳೋದು ಹೇಗೆ...

ಮೂರನೇ ತಿಂಗಳು, ಒಂದು ಸಂಜೆ ಗೇಟಿನ ಹೊರಗೆ ಅದೇ ಸುಕ್ಕು ಅಂಗಿ ನಿಂತಿತ್ತು. ಕೈಯಲ್ಲೊಂದು ಹೊಸ ಸೋಪು!

"ಮತ್ತೆ ಆಡಿಟ್ಟಾ?"

"ಇಲ್ಲ. ಈ ಫ್ಯಾಕ್ಟರಿ ಆಡಿಟ್ಟು ಇನ್ಮೇಲೆ ಬೇರೆಯೋರಿಗೆ ಕೊಡಿ ಅಂತ ಕಂಪ್ನಿಗೆ ಬರ್ಕೊಟ್ಟು ಬಂದೆ. ಇಲ್ಲಿ ಕಾಲರ್ ಹೊಲಿಯೋರೊಬ್ರ ಮೇಲೆ ನಂಗೆ ಮನ್ಸಾಗೈತೆ."

ಥೇಟ್ ನಮ್ಮ ಕಡೆ ಮಾತು! "ಯಾವೂರು ನಿಮ್ದು?"

"ಇಲ್ಲೇ, ಕಿರುಗಾವಲು."

"ಅವತ್ತೇ ಬಾಯ್ಬುಟ್ಟು ಯೋಳ್ಬಾರ್ದಾಗಿತ್ತಾ?"

"ನೀವೆಲ್ಲಿ ಬುಟ್ರಿ!" ಗುಳಿ ಮರಳಿ ಬಂತು. "ನನ್ ಮೇಲೆ ಏನಾರ ದೂರು ಐತಾ?"

ಅವಳ ಕಣ್ಣು ತುಂಬಿತು. "ಐತೆ. ಮೂರು ತಿಂಗ್ಳು ಕಾಯಿಸಿದ್ರಿ."

"ಪರಿಹಾರ?"

"ಭಾನುವಾರ ಊಟಕ್ಕೆ ಬನ್ನಿ. ಅವ್ವ ಏನ್ ಕೇಳಿದ್ರೂ ನಿಜಾನೇ ಯೋಳ್ಬೇಕು."

"ಸಾರು ಚೆನ್ನಾಗಿಲ್ದಿದ್ರೆ?"

"ಸಾರು ಮಾಡೋದು ನಾನು!"

ರಘುನಂದನ್ ಕೈಕಟ್ಟಿ ನಿಂತ. "ಹಂಗಾದ್ರೆ... ಎಲ್ಲಾ ಚೆನ್ನಾಗೈತೆ, ಮೇಡಂ."